ಲೋಹದ ಕೀಲು ಮತ್ತು ಏದುಸಿರು

ತೊಗರಿ ರಾಶಿಯ ದಿನಗಳಲ್ಲಿ ನೆಲೋಗಿ ಸೀಮೆಯ ಊರುಗಳಿಗೆ ಏದುಸಿರು ಹೊಸತಲ್ಲ. ಹೊಟ್ಟಿನ ಧೂಳೂ ಮುಂಜಾನೆಯ ಚಳಿಯೂ ಉಬ್ಬಸವನ್ನು ಕೆರಳಿಸುತ್ತವೆ. ಆದರೆ ಲೋಹದ ಕೀಲು ಹಾಕಿಸಿಕೊಂಡ ಹಿರಿಯರಿಗೆ ಉಸಿರು ಕಟ್ಟಿದರೆ ಮನೆಯವರು ಒಡನೆಯೇ ಲೋಹವನ್ನು ದೂರುತ್ತಾರೆ. ಇಲ್ಲವೇ ಶಸ್ತ್ರಚಿಕಿತ್ಸೆಯ ಸಂಗತಿಯನ್ನೇ ವೈದ್ಯರಿಗೆ ತಿಳಿಸುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯಕರವೆಂದು ನಮ್ಮ ಭಾವನೆ.

ಹಲವು ಕೀಲುಗಳಲ್ಲಿ ಕೋಬಾಲ್ಟ್, ಕ್ರೋಮಿಯಂ, ತುಸು ನಿಕ್ಕಲ್ ಇರುತ್ತವೆ. ಅಗ್ಗದ ಓಲೆಯಿಂದಲೋ ಗಡಿಯಾರದ ಪಟ್ಟಿಯಿಂದಲೋ ತುರಿಕೆ ಏಳುವವರು ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಬೇಕು. ಲೋಹ ಒಗ್ಗದಿದ್ದರೆ ಸಾಮಾನ್ಯವಾಗಿ ಕಾಣುವುದು ಬಾವು, ನೋವು, ಚರ್ಮದ ಗಂದೆ. ಉಸಿರಿನ ತೊಂದರೆ ವಿರಳ. ಆದರೂ ಲೋಹಕ್ಕೆ ಲೋಹವೇ ಉಜ್ಜುವ ಸೊಂಟದ ಕೀಲುಗಳಿಂದ ಕೋಬಾಲ್ಟ್ ರಕ್ತಕ್ಕಿಳಿದು, ಹೃದಯ ಸೋತು, ಏದುಸಿರು ಬಂದ ಪ್ರಕರಣಗಳುಂಟು. ಈ ಬಗೆಯ ಡಿಪ್ಯೂ ಕಂಪನಿಯ ಎಎಸ್‌ಆರ್ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂಪಡೆಯಲಾಯಿತು. ಭಾರತದಲ್ಲಿ ಅದನ್ನು ಹಾಕಿಸಿಕೊಂಡಿದ್ದ ಸಾವಿರಾರು ಜನರಲ್ಲಿ ಬಹುಪಾಲಿನವರ ಪತ್ತೆಯೇ ಹತ್ತಲಿಲ್ಲ.

ಆದ್ದರಿಂದ ಸದ್ಭಕ್ತರು ಕೀಲಿನ ಹೆಸರು, ಸಂಖ್ಯೆಗಳಿರುವ ಆಸ್ಪತ್ರೆಯ ಚೀಟಿಯನ್ನು ಹೊಲದ ಪಹಣಿಯೊಡನೆ ಜೋಪಾನವಾಗಿಡಬೇಕು. ಯಾವ ವೈದ್ಯರ ಬಳಿಗೆ ಹೋದರೂ ತೋರಿಸಬೇಕು. ಪಹಣಿ ಕಳೆದರೆ ಮತ್ತೆ ತೆಗೆಸಬಹುದು, ಈ ಚೀಟಿ ಮತ್ತೆ ಸಿಗುವುದು ಕಷ್ಟ.

ಇನ್ನೊಂದು ಮಾತು. ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳೊಳಗೆ ಹಠಾತ್ತನೆ ಉಸಿರು ಕಟ್ಟಿ ಎದೆ ನೊಂದರೆ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸೇರಿರಬಹುದು. ಆಗ ಕಷಾಯ ಕಾಯಿಸುತ್ತ ಕೂಡದೆ 108ಕ್ಕೆ ಕರೆ ಮಾಡಬೇಕು. ಹಳೆಯ ಉಬ್ಬಸವಿದ್ದವರು ವೈದ್ಯರು ಕೊಟ್ಟ ಇನ್‌ಹೇಲರನ್ನು, ಚಟವಾಗುತ್ತದೆಂಬ ಹುಸಿ ಅಂಜಿಕೆಯಿಂದ, ರಾಶಿಯ ಕಾಲದಲ್ಲಿಯೇ ಬಿಟ್ಟುಬಿಡಬಾರದು.