ಮನಸ್ಸಿಗೂ ಕಾಯಿಲೆ ಬರುತ್ತದೆ, ನಗಬೇಡಿ

ಮಕ್ಕಳೇ, ಗೆಳೆಯನಿಗೆ ಜ್ವರ ಬಂದರೆ ನೀವು ನಗುತ್ತೀರಾ? ಇಲ್ಲ. "ದವಾಖಾನೆಗೆ ಹೋಗು" ಎನ್ನುತ್ತೀರಿ. ಹಾಗಾದರೆ ಮನಸ್ಸಿನ ಕಾಯಿಲೆ ಬಂದವರನ್ನು ಮಾತ್ರ "ಹುಚ್ಚ" ಎಂದು ಕೂಗಿ ನಗುವುದೇಕೆ? ಇದು ಸರಿಯಲ್ಲ. ಏಕೆಂದು ನೋಡೋಣ.

ಯೋಚನೆ, ಭಯ, ದುಃಖ, ನಿದ್ರೆ ಇವೆಲ್ಲಕ್ಕೂ ಮೆದುಳು ಬೇಕು. ದೇಹದ ಬೇರೆ ಅಂಗಗಳಂತೆ ಮೆದುಳಿನ ಕೆಲಸದಲ್ಲೂ ಏರುಪೇರಾಗಬಹುದು. ಎರಡು ವಾರಗಳಿಗೂ ಹೆಚ್ಚು ಕಾಲ ಬಿಡದ ಬೇಸರ, ಆಟದಲ್ಲೂ ಆಸಕ್ತಿ ಇಲ್ಲದಿರುವುದು, ಹಸಿವು ಮತ್ತು ನಿದ್ರೆ ಕೆಡುವುದು ಖಿನ್ನತೆಯ ಲಕ್ಷಣಗಳು. ಕಾರಣವಿಲ್ಲದೆ ಪದೇ ಪದೇ ಹೆದರಿಕೆಯಾಗಿ ಎದೆ ಬಡಿದುಕೊಳ್ಳುವುದು, ಕೈ ಬೆವರುವುದು ಆತಂಕದ ಕಾಯಿಲೆಯ ಲಕ್ಷಣಗಳು. ಬೇರೆ ಯಾರಿಗೂ ಕೇಳದ ದನಿಗಳು ಕೇಳಿಸುವುದು ಸ್ಕಿಜೋಫ್ರೇನಿಯಾದ ಒಂದು ಲಕ್ಷಣ. ಅದು ದೆವ್ವದ ಕಾಟವಲ್ಲ. ಪರೀಕ್ಷೆಯ ಹಿಂದಿನ ದಿನದ ಹೆದರಿಕೆ, ಜಗಳವಾದ ದಿನದ ಅಳು ಕಾಯಿಲೆಯಲ್ಲ. ಅವು ಎಲ್ಲರಿಗೂ ಬಂದು ಹೋಗುತ್ತವೆ.

ಇಂಥ ಕಾಯಿಲೆ ಅಪರೂಪವೇ? ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು. ನೂರು ವಯಸ್ಕರಲ್ಲಿ ಹತ್ತಕ್ಕೂ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. 13ರಿಂದ 17 ವರ್ಷದವರಲ್ಲಿ ನೂರಕ್ಕೆ ಏಳು ಮಂದಿಗೆ ಇತ್ತು. ಆ 12ರಲ್ಲಿ ಕರ್ನಾಟಕ ಇರಲಿಲ್ಲ. ಆದರೂ ಅದೇ ಲೆಕ್ಕ ಹಿಡಿಯಿರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಯಾವ ತಾಲ್ಲೂಕಿನ ಹಳ್ಳಿಯಾದರೂ ಸರಿ, ಅಲ್ಲಿ 1,000 ವಯಸ್ಕರಿದ್ದರೆ ಸುಮಾರು 100 ಮಂದಿಗೆ ನೆರವು ಬೇಕು. ಅವರಲ್ಲಿ ನಿಮ್ಮ ಕಾಕಾ, ಅತ್ತೆ, ಪಕ್ಕದ ಮನೆಯವರೂ ಇರಬಹುದು.

ಬೇಸರದ ಸಂಗತಿ ಬೇರೆಯೇ ಇದೆ. ಕಾಯಿಲೆ ಇದ್ದ ನೂರು ಮಂದಿಯಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ವೈದ್ಯರ ಕೊರತೆ ಒಂದು ಕಾರಣ. "ಜನ ಏನೆಂದಾರು?" ಎಂಬ ನಾಚಿಕೆ ಇನ್ನೊಂದು. ನಮ್ಮ ನಗು ಆ ನಾಚಿಕೆಯನ್ನು ಹೆಚ್ಚಿಸುತ್ತದೆ.

ಹಳ್ಳಿಯವರಿಗೂ ಚಿಕಿತ್ಸೆ ಮುಟ್ಟಿಸಬಹುದು ಎಂಬುದನ್ನು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆ ತೋರಿಸಿತು. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಡಲಾಯಿತು. ಆ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರಿಂದ 14416 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ. ಕನ್ನಡದಲ್ಲೇ ಮಾತನಾಡಬಹುದು.

ನೀವೇನು ಮಾಡಬಹುದು? "ಹುಚ್ಚ" ಎಂಬ ಬೈಗುಳವನ್ನು ಇಂದೇ ಬಿಡಿ. ಗೆಳೆಯ ಬಹಳ ದಿನ ಮಂಕಾಗಿದ್ದರೆ ಜೊತೆಗೆ ಕುಳಿತು ಕೇಳಿ, ಗುರುಗಳಿಗೆ ತಿಳಿಸಿ. ನಿಮಗೇ ಹಾಗೆನಿಸಿದರೆ ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿ. ಹೇಳಿಕೊಳ್ಳುವುದು ಹೇಡಿತನವಲ್ಲ, ಚಿಕಿತ್ಸೆಯ ಮೊದಲ ಹೆಜ್ಜೆ.