ಮೊದಲ ಸಾಲು ಬಿಟ್ಟು ಕನ್ನಡವನ್ನು ದೂರಬೇಡಿ

"ಕನ್ನಡ ಅಕ್ಷರವೇ ಹಾಗೆ ಮಾಷ್ಟ್ರೇ, ಕಂಪ್ಯೂಟರಿನಲ್ಲಿ ಸರಿ ಬರುವುದಿಲ್ಲ. ಟೈಂಟೇಬಲ್ ಇಂಗ್ಲಿಷಿನಲ್ಲೇ ಹಾಕುವ." ನಮ್ಮ ಕಾಸರಗೋಡಿನ ಕಡೆ ಶಾಲೆಗಳಿಗೆ ಅಂತರ್ಜಾಲ ಪುಟ ಮಾಡಿಕೊಡುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಮೊನ್ನೆ ಅಂಥದೊಂದು ಪುಟ ನೋಡಿದೆ. ಮೇಲಿನ ಬರಹ ದೊಡ್ಡದಾಗಿ ಚೆನ್ನಾಗಿತ್ತು. ಕೆಳಗೆ ಪರೀಕ್ಷೆಯ ಕೋಷ್ಟಕದಲ್ಲಿ ಮಾತ್ರ ಅಕ್ಷರ ಸಣ್ಣ, ಸಾಲುಗಳು ಇಕ್ಕಟ್ಟು, ಒತ್ತಕ್ಷರ ಓದಲು ಕಣ್ಣು ಕಿರಿದು ಮಾಡಬೇಕು. ಇಡೀ ಪುಟಕ್ಕೆ 20 ಪಿಕ್ಸೆಲ್ ಎಂದು ಬರೆದಿದ್ದರೂ ಕೋಷ್ಟಕ ಬ್ರೌಸರಿನ ಮಾಮೂಲಿ 16ರಲ್ಲೇ ನಿಂತಿತ್ತು. ತಪ್ಪು ಕನ್ನಡದ್ದಲ್ಲ ಸ್ವಾಮಿ! ಮೊದಲ ಸಾಲಿನಲ್ಲಿ ಇರಬೇಕಾದ ಡಾಕ್‌ಟೈಪ್ ಘೋಷಣೆಯೇ ಇರಲಿಲ್ಲ.

1990ರ ದಶಕದಲ್ಲಿ ನೆಟ್‌ಸ್ಕೇಪ್, ಇಂಟರ್ನೆಟ್ ಎಕ್ಸ್‌ಪ್ಲೋರರ್ ತಮಗೆ ತೋಚಿದಂತೆ ಪುಟ ತೋರಿಸುತ್ತಿದ್ದವು. ಆಮೇಲೆ ಬ್ರೌಸರುಗಳು ಎಲ್ಲರಿಗೂ ಒಂದೇ ಆದ ನಿಯಮ ಪಾಲಿಸತೊಡಗಿದಾಗ ಹಳೆಯ ಪುಟಗಳು ಕೆಡಬಾರದಲ್ಲ? ಅದಕ್ಕೆ 2000ದಲ್ಲಿ ಮ್ಯಾಕ್‌ನ ಎಕ್ಸ್‌ಪ್ಲೋರರ್ 5 ಒಂದು ಉಪಾಯ ತಂದಿತು, ಉಳಿದವು ಹಿಂಬಾಲಿಸಿದವು. ಡಾಕ್‌ಟೈಪ್ ಇದ್ದರೆ ಹೊಸ ನಿಯಮ, ಇಲ್ಲದಿದ್ದರೆ ಹಳೆಯ ಚಾಳಿ, ಅಂದರೆ ಕ್ವರ್ಕ್ಸ್ ಮೋಡ್. ಉತ್ತರಪತ್ರಿಕೆಯ ತಲೆಯಲ್ಲಿ ಏನೂ ಬರೆಯದಿದ್ದರೆ ಹಳೆ ಸಿಲೆಬಸ್ ಎಂದು ತಿಳಿದು ಮಾರ್ಕು ಹಾಕಿದ ಹಾಗೆ! ಕೋಷ್ಟಕವು ಪುಟದ ಅಕ್ಷರಗಾತ್ರ ಪಡೆಯದಿರುವುದು ಆ ಹಳೆಯ ಚಾಳಿಗಳಲ್ಲೊಂದು. ಇಂದಿನ ಕ್ರೋಮ್, ಫೈರ್‌ಫಾಕ್ಸ್ ಕೂಡ ಅದನ್ನು ಉಳಿಸಿಕೊಂಡಿವೆ.

"ಡಾಕ್‌ಟೈಪ್ ಇಲ್ಲದೆಯೂ ಪುಟ ಕಾಣುತ್ತದಲ್ಲ?" ಎನ್ನುತ್ತಾರೆ. ಕಾಣುತ್ತದೆ, ಅದೇ ಅಪಾಯ. ಬ್ರೌಸರ್ ಪರದೆಯ ಮೇಲೆ ತಪ್ಪೆಂದು ಹೇಳುವುದಿಲ್ಲ. ನೋಡಿದವರು ಕನ್ನಡದ್ದೇ ದೋಷ ಅಂದುಕೊಳ್ಳುತ್ತಾರೆ. ಅಕ್ಷರದ ಬದಲು ಚೌಕ ಕಂಡರೆ ಅದು ಬೇರೆ ರೋಗ, ಅದಕ್ಕೆ ಡಾಕ್‌ಟೈಪ್ ಮದ್ದಲ್ಲ. ಹಳೆಯ ಪುಟಕ್ಕೆ ಈ ಸಾಲು ಸೇರಿಸಿದಾಗ ಜೋಡಣೆ ಸ್ವಲ್ಪ ಅಲುಗಾಡಲೂಬಹುದು, ಕೂತು ಸರಿಮಾಡಬೇಕು. ಆದರೆ ಭಾಷೆಯನ್ನೇ ಕಿತ್ತುಹಾಕುವುದು ಯಾವ ಚಿಕಿತ್ಸೆ?

ಈಗಿನ ಡಾಕ್‌ಟೈಪ್‌ನಲ್ಲಿ ಎರಡೇ ಪದ: ಡಾಕ್‌ಟೈಪ್, ಎಚ್‌ಟಿಎಂಎಲ್. ಕೋನಾವರಣದೊಳಗೆ, ಮುಂದೊಂದು ಆಶ್ಚರ್ಯಸೂಚಕ ಚಿಹ್ನೆ ಇಟ್ಟು ಇಂಗ್ಲಿಷ್ ಅಕ್ಷರದಲ್ಲಿ ಬರೆದರಾಯಿತು. ಫೈರ್‌ಫಾಕ್ಸಿನ 'ಪೇಜ್ ಇನ್ಫೋ' ತೆರೆದರೆ ಪುಟ ಯಾವ ಮೋಡಿನಲ್ಲಿದೆ ಎಂದು ಗೊತ್ತಾಗುತ್ತದೆ.

ಗಡಿಯಾಚೆ ಒಂದೊಂದು ಫಲಕಕ್ಕೂ ಅರ್ಜಿ ಬರೆದು ಕನ್ನಡ ಉಳಿಸಿಕೊಂಡವರು ನಾವು. ಕನ್ನಡ ಮಾತ್ರ ಓದಬಲ್ಲ ತಾಯಂದಿರು ಮಕ್ಕಳ ಪರೀಕ್ಷೆ ಯಾವಾಗ ಎಂದು ನೋಡುವ ಪುಟವಿದು. ಮೊದಲು ಆ ಸಾಲು ಬರೆಯಿರಿ. ಕನ್ನಡದ ಮೇಲೆ ದೂರು ಆಮೇಲೆ ಹೇಳಿ, ಕೇಳೋಣ.