ಬಿಯರ್ ಬರೀ ಬಾರ್ಲಿ ನೀರೇ?

"ಬಿಯರಿನಲ್ಲಿ ಏನಿದೆ, ಬಾರ್ಲಿ ನೀರು ಅಷ್ಟೇ" ಎಂದು ನಮ್ಮ ದಡ್ಡಿ, ಗೋಕಾಕ ಕಡೆಯ ಹುಡುಗರು ಹೇಳುವುದನ್ನು ನೀವೂ ಕೇಳಿರಬಹುದು. ಲೆಕ್ಕ ಹಾಕಿ ನೋಡಿ. ಶೇ. 5ರ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ 32 ಮಿ.ಲೀ.ಗೂ ಹೆಚ್ಚು ಆಲ್ಕೋಹಾಲ್ ಇರುತ್ತದೆ. ಶೇ. 42.8ರ ವಿಸ್ಕಿಯ 60 ಮಿ.ಲೀ. ಪೆಗ್ಗಿನಲ್ಲಿ ಇರುವುದು ಸುಮಾರು 26. ಈಗ ಯಾವುದು ಹಗುರ?

ಎಲ್ಲದರ ಹುಟ್ಟೂ ಒಂದೇ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಬಿಡುತ್ತದೆ. ಬಾರ್ಲಿಯಿಂದಾದರೆ ಬಿಯರ್, ದ್ರಾಕ್ಷಿಯಿಂದಾದರೆ ವೈನ್. ಶೇ. 15ರ ಆಸುಪಾಸಿಗೆ ಬಂದರೆ ಸಾಮಾನ್ಯವಾಗಿ ಯೀಸ್ಟೇ ಸಾಯುತ್ತದೆ, ತಾನು ಮಾಡಿದ ವಿಷಕ್ಕೆ ತಾನೇ ಬಲಿ! ಅದಕ್ಕಿಂತ ಕಡಕ್ ಬೇಕೆಂದರೆ ಕಾಯಿಸಿ ಭಟ್ಟಿ ಇಳಿಸಬೇಕು. ಅಗ್ಗದ ರಮ್, ವಿಸ್ಕಿಯಲ್ಲಿ ಹೆಚ್ಚಾಗಿ ಇರುವುದು ನಮ್ಮ ಕಬ್ಬಿನ ಕಾಕಂಬಿಯಂಥದ್ದರ ಸ್ಪಿರಿಟ್. ಬಣ್ಣ, ವಾಸನೆ ಮಾತ್ರ ಬೇರೆ.

2007ರ ಜುಲೈಯಲ್ಲಿ ಸರಕಾರ ಸಾರಾಯಿ ನಿಲ್ಲಿಸಿತು. ಕುಡಿತ ನಿಲ್ಲಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ತಮಿಳುನಾಡಿನ ಗಡಿಯಲ್ಲಿ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಬೆರೆತರೆ ಮೊದಲು ಹೋಗುವುದು ಕಣ್ಣು. ಹರಾಮ್ ಎಂದು ಗೊತ್ತಿದ್ದೂ ಮನೆಯ ಹುಡುಗ ಕುಡಿದು ಬಂದು ಕಣ್ಣು ಮಂಜು, ಹೊಟ್ಟೆನೋವು ಎಂದರೆ ಮರ್ಯಾದೆಗೆ ಅಂಜಿ ಬಾಗಿಲು ಹಾಕಿಕೊಳ್ಳಬೇಡಿ. ಬೈಗುಳ ಆಮೇಲಿರಲಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕುಡಿದದ್ದನ್ನು ಡಾಕ್ಟರರಿಗೆ ಮುಚ್ಚಿಡದೆ ಹೇಳಿ.